ಲೆಕ್ಕಕ್ಕೆ ಸಿಗದ ಎರಡೂವರೆ ಅಡಿ

ಹೊರಗಿನಿಂದ ಅಳೆದರೆ ಅರವತ್ತೆರಡು ಅಡಿ.
ಒಳಗೆ ಕೋಣೆಗಳನ್ನು, ಗೋಡೆಗಳನ್ನು,
ಗಾರೆಯ ದಪ್ಪವನ್ನೂ ಬಿಡದೆ ಕೂಡಿದರೆ
ಐವತ್ತೊಂಬತ್ತೂವರೆ.
ಬೆಳಗಿನಿಂದ ಮೂರು ಸಲ ಕೂಡಿದ್ದೇನೆ.
ಟೇಪಿನ ಆ ತುದಿ ಹಿಡಿದ ಲಗುಮಪ್ಪ
ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡ:
‘ಮನೆ ಸುಳ್ಳು ಹೇಳಲ್ಲ ಕಣಮ್ಮ,
ನಿಮ್ಮ ಟೇಪೇ ಎಲ್ಲೋ ಕುಗ್ಗೈತೆ.’

ತಳಿಯ ಬಸ್ ನಿಲ್ದಾಣದಿಂದ ಒಂದು ಮೈಲಿ,
ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳ ಬೆನ್ನಿಗೆ
ನಿಂತಿದೆ ಈ ದೊರೆಯ ಬಂಗಲೆ.
ಸಮುದ್ರದಾಚೆಯ ಯಾವುದೋ ತಣ್ಣನೆಯ ಊರಿನ ಮನೆಯನ್ನು
ಕಾಗದದಲ್ಲಿ ಸುರುಳಿ ಸುತ್ತಿ ತಂದು
ರಾಗಿ ಹೊಲದ ಮೇಲೆ ಬಿಚ್ಚಿದರಂತೆ.
ಈಗ ಕೊಂಡವರು ಗುಲಾಬಿ ವ್ಯಾಪಾರಿ;
ಮದುವೆ ಮಂಟಪ ಆಗಬೇಕು,
ನಕ್ಷೆ ಮೂರು ದಿನದಲ್ಲಿ ಬೇಕು.

ಹಿಮ ಜಾರಿ ಬೀಳಲೆಂದು ಅಷ್ಟು ಕಡಿದಾದ ಮಾಡು.
ನೂರ ಮೂವತ್ತು ವರ್ಷದಲ್ಲಿ ಅಲ್ಲಿಂದ ಜಾರಿದ್ದು
ಹುಣಸೆ ಎಲೆ, ಒಂದೆರಡು ಗಾಳಿಪಟ,
ಹೆಂಚು ಹೊದಿಸಲು ಹತ್ತಿದ ಒಬ್ಬ ಹುಡುಗ.
ಚಿಮಣಿ ಐದು. ಮಸಿ ಹಿಡಿದದ್ದು ಒಂದಕ್ಕೆ.
ಉಳಿದ ನಾಲ್ಕೂ ಜೇನಿನ ಹೆಸರಿಗೆ ಖಾತೆಯಾಗಿವೆ.

ಬಾಗಿಲ ಮೇಲೆ ಮನೆತನದ ಎರಡು ಸಿಂಹ.
ಕೆತ್ತಿದವನು ಕಂಡದ್ದು ಗುಡಿಯ ಕಂಬದ ಯಾಳಿಯನ್ನೇ;
ಎಡಗಡೆಯದರ ಬಾಯಲ್ಲಿ ಕಲ್ಲಿನ ಗುಂಡು.
ಏಣಿ ಹತ್ತಿ ಬೆರಳು ಹಾಕಿದೆ.
ಉರುಳಿತು.

ಮುಂದಿನ ಮೆಟ್ಟಿಲು ಹೊನ್ನೆಮರದ್ದು,
ದೊರೆಸಾನಿಯ ನಿಲುವಂಗಿ ತೊಡರದಂತೆ
ಒಂದೊಂದೂ ಐದೂವರೆ ಅಂಗುಲ ಎತ್ತರ.
ಹಿಂದಿನ ಮೆಟ್ಟಿಲು ಒಂಬತ್ತು,
ಕೆಲವು ಒಂಬತ್ತೂಮುಕ್ಕಾಲು.
ಬಿಸಿನೀರಿನ ಹಂಡೆ ಹೊತ್ತು ಹತ್ತಿದವರ ಮಂಡಿಯ ಸದ್ದು
ಯಾವ ಟೇಪಿಗೂ ಸಿಗುವುದಿಲ್ಲ, ಬಿಡಿ.

ಊಟದ ಕೋಣೆಯ ಗೋಡೆಗೆ ಲಗುಮಪ್ಪ
ಹಲಸಿನಹಣ್ಣು ಬಡಿದು ನೋಡುವ ಹಾಗೆ
ಗೆಣ್ಣು ತಟ್ಟುತ್ತ ಹೋದ.
ಕಲ್ಲು, ಕಲ್ಲು, ಕಲ್ಲು,
ನಿಂತ.
ಉಗ್ರಾಣದ ಕಪಾಟು ಸರಿಸಿದರೆ
ನಡು ಬಗ್ಗಿಸಿ ನುಗ್ಗುವಷ್ಟು ಬಾಗಿಲು.

ಕಿಟಕಿಯಿಲ್ಲ. ಬಾವಲಿಯ ವಾಸನೆ.
ಅಗಲ ಎರಡೂವರೆ ಅಡಿ.
ಮೇಲೆ ಗೋಡೆಯಲ್ಲೊಂದು ತೂತು,
ತೂತಿನ ಅಂಚಿನ ಕಲ್ಲು ಸವೆದಿತ್ತು
ಬಾವಿಕಟ್ಟೆಯ ಮೇಲೆ ಹಗ್ಗ ಉಳಿಸುವ ಗೆರೆಯಂತೆ.
ಆ ಬದಿಗೆ ಮೇಜು, ಅದರ ಮೇಲೆ ತೂಗುವ ಪಂಖಾ,
ಈ ಬದಿಗೆ ಹಗ್ಗ.

ನೆಲದಿಂದ ಎರಡು ಅಡಿ ಮೇಲೆ, ಸುಣ್ಣದಲ್ಲಿ,
ತಲೆಯೆಣ್ಣೆ ಕುಡಿದು ಕಪ್ಪಾದ ಒಂದು ಗುರುತು.
ಲಗುಮಪ್ಪ ಏನೂ ಹೇಳದೆ ಕೂತ.
ತಲೆ ಆ ಗುರುತಿಗೇ ತಾಗಿತು.
ಮಂಡಿ ಮಡಿಸಿದ; ಎದುರು ಗೋಡೆಗೆ
ಹೆಬ್ಬೆರಳು ಸರಿಯಾಗಿ ಮುಟ್ಟಿತು.
ಆಗ ತಿಳಿಯಿತು ನನಗೆ,
ಈ ಅಳತೆ ಆ ಸುರುಳಿಯಲ್ಲಿ ಬಂದದ್ದಲ್ಲ;
ಇಲ್ಲೇ ಯಾರನ್ನೋ ಕೂರಿಸಿ ತೆಗೆದದ್ದು.

ನಕ್ಷೆಯಲ್ಲಿ ಕೋಣೆಕೋಣೆಗೂ ಹೆಸರು ಬೇಕು.
ಊಟದ ಕೋಣೆ. ಓದುವ ಕೋಣೆ. ಬಂದೂಕಿನ ಕೋಣೆ;
ಬಂದೂಕಿಗೂ ಪೂರ್ವದ ಕಿಟಕಿಯಿದೆ.
ಇದಕ್ಕೇನು ಬರೆಯಲಿ ಎಂದು ಕೇಳಿದೆ.
‘ಗೋಡೆ ಅಂತ ಬರ್ಕೊಳ್ಳಿ,’ ಅಂದ,
‘ಅವರೂ ಹಂಗೇ ಬರ್ಕೊಂಡಿರ್ತಾರೆ.’

ಬರೆಯಲಿಲ್ಲ. ಎರಡು ಗೆರೆ ಎಳೆದು
ನಡುವೆ ಖಾಲಿ ಬಿಟ್ಟೆ.
ಲೆಕ್ಕ ಸರಿಹೋಯಿತು, ಅರವತ್ತೆರಡು.

ಹೊರಗೆ ಬಂದಾಗ ಅವನ ಅಂಗಿಯ ಬೆನ್ನಿಗೆ
ಹಳೆಯ ಸುಣ್ಣ ಅಂಟಿತ್ತು. ಹೇಳಲಿಲ್ಲ.
ಸಂಜೆ ದೇಂಕಣಿಕೋಟೆಯ ಬಸ್ಸಿನಲ್ಲಿ ನೂಕುನುಗ್ಗಲು;
ಸಿಕ್ಕಿದ್ದು ಒಂದೇ ಸೀಟು, ಕಿಟಕಿಯದು.
ಅವನನ್ನು ಕೂರಿಸಿದೆ.
ಕತ್ತರಿಘಟ್ಟ ದಾಟುವಷ್ಟರಲ್ಲಿ ಗಾಳಿಗೆ ಮುಖ ಕೊಟ್ಟು
ಬಾಯಿ ತೆರೆದು ನಿದ್ದೆ ಹೋಗಿದ್ದ.